ಕಲ್ಲು ಉಳಿದರೆ ಸಾಕೇ?

ತಲಕಾಡಿನ ಪಾತಾಳೇಶ್ವರನ ಗುಡಿಗೆ ಮರಳುದಿಣ್ಣೆಗಳ ನಡುವೆ ಮೆಟ್ಟಿಲಿಳಿದು ಹೋಗಬೇಕು. ಒಮ್ಮೆ ನಾನು ಅಲ್ಲಿ ನಿಂತಿದ್ದಾಗ ಪ್ರವಾಸಕ್ಕೆ ಬಂದ ಶಾಲೆಯ ಹುಡುಗನೊಬ್ಬ ಕೇಳಿದ: “ಮೇಷ್ಟ್ರೇ, ಇದನ್ನು ನೆಲದೊಳಗೆ ಯಾಕೆ ಕಟ್ಟಿದರು?” ಉಪಾಧ್ಯಾಯರು ಗಂಗರ ಹೆಸರು ಹೇಳಿ ಮುಂದೆ ನಡೆದರು. ಪ್ರಶ್ನೆ ಮಾತ್ರ ಅಲ್ಲಿಯೇ ಉಳಿಯಿತು.

ಆ ಗುಡಿಯನ್ನು ಯಾರೂ ನೆಲದೊಳಗೆ ಕಟ್ಟಲಿಲ್ಲ. ಅದು ನೆಲದ ಮೇಲೆಯೇ ಇತ್ತು. ಕಾವೇರಿಯ ಮರಳು ಗಾಳಿಯೊಡನೆ ಬಂದು ಸುತ್ತಲೂ ಏರಿತು. ಗಂಗರಿಗೆ ರಾಜಧಾನಿಯಾಗಿದ್ದು, ಅನಂತರ ಚೋಳರ ವಶವಾಗಿ, 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನ ಕೈಸೇರಿದ ಊರು ಹೀಗೆ ಮರಳಿನಡಿಗೆ ಸರಿಯಿತು. ಇದನ್ನು ಜನ ಅಲಮೇಲಮ್ಮನ ಶಾಪವೆಂದರು. 14ನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ಹರಿವು ತಗ್ಗಿ ನದಿಯ ಮರಳು ಗಾಳಿಗೆ ತೆರೆದುಕೊಂಡಿತೆಂದು ವಿದ್ವಾಂಸರು ಊಹಿಸುತ್ತಾರೆ. ಹುಡುಗನಿಗೆ ಇಷ್ಟು ಹೇಳಿದ್ದರೆ ಆ ಮೆಟ್ಟಿಲುಗಳೇ ಅವನಿಗೆ ಚರಿತ್ರೆಯ ಪಾಠವಾಗುತ್ತಿದ್ದವು.

ಇಂಥದೇ ಪ್ರಶ್ನೆಯೊಂದು ಇನ್ನೊಂದೆಡೆ ನನ್ನನ್ನೂ ತಡೆದು ನಿಲ್ಲಿಸಿತು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಚೇಂದಮಂಗಲಂ ಎಂಬ ಊರಿದೆ. ಅಲ್ಲಿನ ಯೆಹೂದ್ಯರ ಪುಟ್ಟ ಪ್ರಾರ್ಥನಾಮಂದಿರವನ್ನು ನೋಡಲು ಹೋಗಿದ್ದೆ. ಕಟ್ಟಡ 17ನೆಯ ಶತಮಾನದ್ದೆನ್ನುತ್ತಾರೆ. ಗೋಪುರವಿಲ್ಲ, ದಪ್ಪ ಗೋಡೆ, ಹೆಂಚಿನ ಮಾಡು, ಒಳಗೆ ಕೆತ್ತನೆಯ ಮರದ ಒಳಮಾಳಿಗೆ. ದೂರದಿಂದ ನೋಡಿದರೆ ಮಲೆಯಾಳದ ಯಾವುದೋ ಹಳೆಯ ಮನೆಯೆನ್ನಬೇಕು. ಅಂಗಳದಲ್ಲಿ ಸಾರಾ ಎಂಬ ಹೆಣ್ಣುಮಗಳ ಗೋರಿಗಲ್ಲು. ಅದರ ಹೀಬ್ರೂ ಬರಹ 1269ನೆಯ ಇಸವಿಯದು.

ಒಳಗೆ, ಧರ್ಮಗ್ರಂಥದ ಸುರುಳಿಗಳನ್ನಿಡುವ ಕೆತ್ತನೆಯ ಪೆಟ್ಟಿಗೆಯು ಜೆರುಸಲೇಮಿನ ದಿಕ್ಕಾದ ಪಶ್ಚಿಮದ ಗೋಡೆಯಲ್ಲಿದೆ. ನಡುವೆ ಗ್ರಂಥಪಠನದ ವೇದಿಕೆ. ಆದರೆ ಮೇಲಂತಸ್ತಿನಲ್ಲಿ ಇನ್ನೊಂದು ವೇದಿಕೆಯೂ ಇದೆ. ಒಂದೇ ಮಂದಿರಕ್ಕೆ ಎರಡು ವೇದಿಕೆಗಳೇಕೆ? ಅದರ ಹಿಂದೆ ಮರದ ತಡಿಕೆಯ ಮರೆಯಲ್ಲಿ ಹೆಂಗಸರು ಕುಳಿತುಕೊಳ್ಳುತ್ತಿದ್ದರು. ಸಬ್ಬತ್ತಿನ ದಿನ, ಹಬ್ಬಗಳಂದು ಪವಿತ್ರ ಪಾಠವನ್ನು ಆ ಮೇಲಿನ ವೇದಿಕೆಯಿಂದ ಓದುತ್ತಿದ್ದರು. ಅದು ಕೇರಳದ ಯೆಹೂದ್ಯರ ವೈಶಿಷ್ಟ್ಯ. ಇದನ್ನರಿಯದವನಿಗೆ ಅದು ಬರಿಯ ಮರಗೆಲಸ. ಅರಿತವನಿಗೆ, ಮಲೆಯಾಳದಲ್ಲಿ ತಮ್ಮವೇ ಹಾಡುಗಳನ್ನು ಹಾಡುತ್ತಿದ್ದ ಆ ಹೆಂಗಸರು ಕಣ್ಣಮುಂದೆ ಬಂದು ನಿಲ್ಲುತ್ತಾರೆ.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ, ಮುಖ್ಯವಾಗಿ 1950ರ ದಶಕದಲ್ಲಿ, ಇಲ್ಲಿಯ ಯೆಹೂದ್ಯರು ಅತ್ತ ಹೊರಟುಹೋದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕೆಂಬುದು ಅವರ ಸಂಪ್ರದಾಯ. ಹತ್ತು ಮಂದಿ ಕೂಡದ ಊರಿನಲ್ಲಿ ಮಂದಿರ ಮೌನವಾಯಿತು. ಸರ್ಕಾರ ಅದನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯವಾಗಿ ಉಳಿಸಿದೆ. ಇದು ಸ್ತುತ್ಯ ಕಾರ್ಯ. ಆದರೆ ಅಲ್ಲಿ ಕುಳಿತಿದ್ದವರ ರೀತಿನೀತಿಗಳನ್ನು ಹೇಳುವ ಬಾಯಿ ಇಲ್ಲದಿದ್ದರೆ ಉಳಿಯುವುದು ಮರ, ಸುಣ್ಣ, ಹೆಂಚುಗಳು ಮಾತ್ರ.

ತಲಕಾಡಿಗೆ ಈ ದುರ್ದೆಸೆ ಬಂದಿಲ್ಲ. ಅಲ್ಲಿ ದೀಪ ಉರಿಯುತ್ತಿದೆ. 2013ರಲ್ಲಿಯೂ 2020ರಲ್ಲಿಯೂ ಪಂಚಲಿಂಗ ದರ್ಶನ ನಡೆಯಿತು. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐದೂ ಸನ್ನಿಧಿಗಳಿಗೆ ಭಕ್ತರು ನಡೆದರು. ಭಕ್ತಿಯಿದ್ದ ಮೇಲೆ ತಿಳಿವಳಿಕೆಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಬರುವುದು ಬೇರೆ, ಅರಿಯುವುದು ಬೇರೆ. ಚೇಂದಮಂಗಲದವರು ಊರು ಬಿಟ್ಟು ಹೋಗಬೇಕಾಯಿತು. ನಾವು ಊರಿನಲ್ಲಿದ್ದುಕೊಂಡೇ ಮರೆಯುತ್ತಿದ್ದೇವೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಹಳೆಯ ಗುಡಿಗೋ ಬಸದಿಗೋ ಮಸೀದಿಗೋ ಕರೆದೊಯ್ದಾಗ ರಾಜನ ಹೆಸರನ್ನೂ ಇಸವಿಯನ್ನೂ ತುಸು ತಡವಾಗಿ ಹೇಳಿ. ಇಲ್ಲಿ ಯಾರು ಎಲ್ಲಿ ನಿಲ್ಲುತ್ತಿದ್ದರು, ಯಾವ ಬಾಗಿಲಿನಿಂದ ಬರುತ್ತಿದ್ದರು, ನೆಲ ಎಷ್ಟು ಏರಿದೆ ಎಂದು ಮೊದಲು ಕೇಳಿ. ಉತ್ತರ ತಿಳಿಯದಿದ್ದರೆ ಊರಿನ ಹಿರಿಯರನ್ನು ಹುಡುಕಿಕೊಂಡು ಹೋಗಿ. ಪಾತಾಳೇಶ್ವರನ ಮೆಟ್ಟಿಲ ಮೇಲೆ ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಹೊಣೆ ನಮ್ಮದು.