ವೃತ್ತಕ್ಕೊಂದು ಪ್ರದಕ್ಷಿಣೆ

ಮಗಳನ್ನು ವಿಶ್ವವಿದ್ಯಾನಿಲಯಕ್ಕೆ ಸೇರಿಸಿ ಬಂದ ನಮ್ಮ ಮಾಕಳಿಯ ಗೃಹಸ್ಥರೊಬ್ಬರು ಮೊನ್ನೆ ಸಂಜೆ ಹೀಗೆಂದರು: “ಪಾಠದ ಚಿಂತೆ ನನಗಿಲ್ಲ ಸ್ವಾಮಿ, ಆವರಣದೊಳಗಿನ ನಾಲ್ಕುದಾರಿಯನ್ನು ಅವಳು ದಾಟುವುದೇ ನನ್ನ ಚಿಂತೆ.”

ನಗುವ ಮಾತಲ್ಲ. 2022ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದಲ್ಲಿ ಬಸ್ಸಿನಡಿ ಸಿಕ್ಕಿ ಗಾಯಗೊಂಡ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನಗಳಲ್ಲೇ ತೀರಿಕೊಂಡಳು. ಹೊರಗಿನ ವಾಹನಗಳು ಆವರಣವನ್ನು ಒಳದಾರಿಯಾಗಿ ಬಳಸಕೂಡದೆಂದು ಅವಳ ಸಹಪಾಠಿಗಳು ಬೀದಿಗಿಳಿದರು. ಅದು ನಾಲ್ಕುದಾರಿಯ ಡಿಕ್ಕಿಯಲ್ಲ. ವೃತ್ತವೊಂದಿದ್ದರೆ ಆ ಜೀವ ಉಳಿಯುತ್ತಿತ್ತೆಂದು ಹೇಳುವುದು ಸತ್ಯಕ್ಕೆ ದೂರ. ಆದರೆ ವೇಗವೆಂಬ ಶತ್ರುವನ್ನು ಆವರಣದೊಳಗೆ ಪಳಗಿಸುವ ಉಪಾಯಗಳಲ್ಲಿ ವೃತ್ತಕ್ಕೆ ಮೇಲಾದುದು ವಿರಳ.

ಕಾರಣ ಸರಳವಾದುದು. ನಾಲ್ಕು ರಸ್ತೆಗಳು ನೇರವಾಗಿ ಕೂಡುವಲ್ಲಿ ವಾಹನಗಳ ದಾರಿ ಒಂದನ್ನೊಂದು ಸಂಧಿಸುವ ಬಿಂದುಗಳು 32. ಒಂದೇ ಸಾಲಿನ ವೃತ್ತದಲ್ಲಿ ಅವು 8 ಮಾತ್ರ. ಎದುರುಬದುರು ಅಪ್ಪಳಿಸುವ, ಪಕ್ಕೆಗೆ ಬಡಿಯುವ ಘಾತಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ದಾರಿಯೇ ಬಾಗಿರುವುದರಿಂದ ಎಂಥ ಶೂರನೂ ವೇಗ ತಗ್ಗಿಸಲೇಬೇಕು. ಅಮೆರಿಕದಲ್ಲಿ ನಾಲ್ಕುದಾರಿಗಳನ್ನು ವೃತ್ತವಾಗಿಸಿದೆಡೆ ನಡೆಸಿದ ಅಧ್ಯಯನವೊಂದರಲ್ಲಿ ಗಾಯವಾಗುವಂಥ ಅಪಘಾತಗಳು ಮುಕ್ಕಾಲು ಪಾಲು ಇಳಿದುದು ಕಂಡುಬಂದಿತು.

ಹಾಗಾದರೆ ಬೆಂಗಳೂರಿನಲ್ಲಿ ‘ಸರ್ಕಲ್’ ಎಂಬ ಹೆಸರು ಉಳಿದು, ಸುತ್ತಿಬರುವ ಪದ್ಧತಿ ಹಲವೆಡೆ ದೀಪದ ಕಂಬಕ್ಕೂ ಮೇಲ್ಸೇತುವೆಗೂ ಶರಣಾದುದೇಕೆ? ವಾಹನಗಳ ಸಂಖ್ಯೆ ಮಿತಿಮೀರಿದುದು ಒಂದು. ನಿಯಮ ಮರೆತುದು ಇನ್ನೊಂದು. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ವೃತ್ತಗಳು ತಮ್ಮಷ್ಟಕ್ಕೆ ತಾವೇ ಕಟ್ಟಿಕೊಳ್ಳುತ್ತಿದ್ದವು. ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಎಂಜಿನಿಯರರು ಪಟ್ಟುಹಿಡಿದು ಪ್ರತಿಪಾದಿಸಿದ ನಿಯಮ 1966ರಲ್ಲಿ ಅಲ್ಲಿ ಜಾರಿಗೆ ಬಂದಿತು: ಒಳಗೆ ಸುತ್ತುತ್ತಿರುವವನಿಗೆ ಮೊದಲ ಹಕ್ಕು, ಹೊರಗಿನವನು ಕಾಯಬೇಕು. 2017ರ ನಮ್ಮ ಚಾಲನಾ ನಿಯಮಾವಳಿಯೂ ಅದನ್ನೇ ಹೇಳುತ್ತದೆ. ಎಷ್ಟು ಮಂದಿ ಬಲ್ಲರೋ! ನಮಗಂತೂ ಇದು ಹೊಸ ವಿದ್ಯೆಯಾಗಬಾರದು. ದೇವರನ್ನು ಬಲಗಡೆಗಿಟ್ಟುಕೊಂಡು ಪ್ರದಕ್ಷಿಣೆ ಬರುವಾಗ ಯಾರೂ ಎದುರಿನಿಂದ ನುಗ್ಗುವುದಿಲ್ಲವಷ್ಟೆ.

ವಾಹನಗಳ ನೆರೆಯಿಲ್ಲದ ಕಾಲೇಜು ಆವರಣಕ್ಕೆ ವೃತ್ತ ಹೇಳಿಮಾಡಿಸಿದಂತಿದೆ. ಒಂದೇ ಎಚ್ಚರ: ನಮ್ಮವರು ವೃತ್ತವನ್ನು ಕಂಡೊಡನೆ ನಡುವೆ ಪ್ರತಿಮೆ, ಕಾರಂಜಿ, ಕಲ್ಲುಬೆಂಚುಗಳನ್ನು ಇಡಲು ಹೊರಡುತ್ತಾರೆ. ಬೆಂಚು ಕಂಡರೆ ಹುಡುಗರು ಅಲ್ಲಿಗೇ ದಾಟುತ್ತಾರೆ. ಪಾದಚಾರಿಗಳ ಪಟ್ಟೆ ವೃತ್ತದ ಬಾಯಿಗೆ ಅಂಟಿರದೆ ಒಂದು ಕಾರಿನಷ್ಟು ಹಿಂದಿರಬೇಕು. ರಸ್ತೆಯ ನಡುವೆ ನಿಂತು ಉಸಿರಾಡಲು ಪುಟ್ಟ ತಿಟ್ಟೊಂದಿರಬೇಕು. ಇನ್ನು ಹೊರಗಿನ ವಾಹನಗಳನ್ನು ತಡೆಯುವುದು ವೃತ್ತದ ಕೆಲಸವಲ್ಲ, ಗೇಟಿನ ಕೆಲಸ.

ಇಷ್ಟನ್ನೂ ಕೇಳಿದ ಗೃಹಸ್ಥರು ಎದ್ದು ನಿಂತು, “ವೃತ್ತ ಯಾವಾಗ ಬರುತ್ತದೋ! ಅಲ್ಲಿಯವರೆಗೆ ಮೊದಲು ಬಲಗಡೆ ನೋಡು ಎಂದು ಮಗಳಿಗೆ ಹೇಳಿರುತ್ತೇನೆ” ಎಂದು ಚಪ್ಪಲಿ ಮೆಟ್ಟಿಕೊಂಡರು.