ಆರು ರಾಜಧಾನಿ ಬಿಟ್ಟು ಒಂದು ನದಿ
ರಜೆ ಹತ್ತಿರವಾದಂತೆ ಯುರೋಪ್ ಪ್ರವಾಸದ ಜಾಹೀರಾತುಗಳು ಈ ವಾರವೂ ಪತ್ರಿಕೆಗಳ ಪುಟ ತುಂಬಿವೆ: ಹತ್ತೇ ದಿನ, ಆರು ದೇಶ. ಈ ಓಟದಲ್ಲಿ ಮಕ್ಕಳ ಪಾಲಿಗೆ ಉಳಿಯುವುದು ಬಸ್ಸಿನ ಕಿಟಕಿ ಮತ್ತು ಸರತಿ ಸಾಲು. ಅವರನ್ನು ಕರೆದೊಯ್ಯಬೇಕಾದದ್ದು ಆಸ್ಟ್ರಿಯಾದ ವಾಖೌ ಕಣಿವೆಯಂಥ ಕಡೆಗೆ. ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ಒಂದು ತಾಸು ಹೋದರೆ ಮೆಲ್ಕ್; ಅಲ್ಲಿಂದ ಕ್ರೆಮ್ಸ್‌ವರೆಗೆ ಡ್ಯಾನ್ಯೂಬ್ ನದಿಯ ಗುಂಟ ಸುಮಾರು 36 ಕಿಲೋಮೀಟರ್ ಸೈಕಲ್ ದಾರಿ. ಹೆಚ್ಚು ಏರಿಳಿತವಿಲ್ಲದ ಆ ಹಾದಿಯಲ್ಲಿ ಮಗು ತಾನೇ ಪೆಡಲ್ ತುಳಿಯುತ್ತದೆ, ಬೇಕೆಂದಲ್ಲಿ ನಿಲ್ಲುತ್ತದೆ. 2000ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಈ ಕಣಿವೆಯ ಕಲಿಕೆಯೆಲ್ಲ ಕೈಗೆಟಕುವಷ್ಟು ಹತ್ತಿರ. ಸ್ಪಿಟ್ಸ್ ಹಳ್ಳಿಯಲ್ಲಿ ಎಂಜಿನ್ ಇಲ್ಲದ ದೋಣಿಯೊಂದು ನದಿಗೆ ಅಡ್ಡಲಾಗಿ ಕಟ್ಟಿದ ತಂತಿಯ ಆಸರೆಯಲ್ಲಿ, ನೀರಿನ ಸೆಳೆತದ ಬಲದಿಂದಲೇ ಜನರನ್ನೂ ಕಾರುಗಳನ್ನೂ ದಾಟಿಸುತ್ತದೆ. ಭೌತವಿಜ್ಞಾನದ ಇಂಥ ಪಾಠ ಯಾವ ತರಗತಿಯಲ್ಲಿ ಸಿಕ್ಕೀತು? ಡ್ಯೂರ್ನ್‌ಸ್ಟೈನ್‌ನಲ್ಲಿ ಗುಡ್ಡ ಹತ್ತಿದರೆ ಹಾಳು ಕೋಟೆ. ಇಂಗ್ಲೆಂಡಿನ ರಾಜ ರಿಚರ್ಡ್ 1192ರ ಕೊನೆಯಲ್ಲಿ ಸೆರೆಸಿಕ್ಕಿ ಬಂದಿಯಾಗಿದ್ದ ಜಾಗ ಅದು. ಜುಲೈ ಹೊತ್ತಿಗೆ ಊರೂರಲ್ಲೂ ಏಪ್ರಿಕಾಟ್ ಹಣ್ಣಿನ ಸುಗ್ಗಿ. ಇಡೀ ಹಣ್ಣನ್ನೇ ಹಿಟ್ಟಿನ ಕಣಕದಲ್ಲಿ ತುಂಬಿ ಬೇಯಿಸಿದ ಕಡುಬು ತಟ್ಟೆಗೆ ಬರುತ್ತದೆ. ಮಕ್ಕಳು ಚಪ್ಪರಿಸಿ ತಿನ್ನುವಂಥದು. ಹನ್ನೆರಡು ವರ್ಷದೊಳಗಿನವರಿಗೆ ಸೈಕಲ್ ಹೆಲ್ಮೆಟ್ ಅಲ್ಲಿ ಕಡ್ಡಾಯವಾದ್ದರಿಂದ ಬಾಡಿಗೆ ಸೈಕಲ್ ಪಡೆಯುವಾಗಲೇ ಅದನ್ನೂ ಕೇಳಿ ಪಡೆಯಬೇಕು. ಪುಟ್ಟ ಕಾಲುಗಳು ಸೋತರೆ ಬೇಸಿಗೆಯುದ್ದಕ್ಕೂ ಓಡಾಡುವ ಪ್ರಯಾಣಿಕ ಹಡಗುಗಳಿಗೆ ಸೈಕಲ್ ಸಮೇತ ಹತ್ತಬಹುದು.