ಕಣಜಕ್ಕೂ ಬೀಗ, ಗಣಕಕ್ಕೂ ಬೀಗ

ಬಿ.ಇ. ಮುಗಿಸಿದ ಮಗನೋ ಮಗಳೋ ಗಣಕಯಂತ್ರ ಹಾಗೂ ಜಾಲಗಳ ಸುರಕ್ಷತೆಯಲ್ಲಿ ಎಂ.ಟೆಕ್. ಓದುತ್ತೇನೆಂದಾಗ, 'ಒಕ್ಕಲು ಮನೆತನಕ್ಕೆ ಈ ಓದೇಕೆ?' ಎಂದು ಕೇಳುವ ತಂದೆತಾಯಿಗಳುಂಟು. ಈ ಓದು ನಮಗೂ ಬೇಕೆಂಬುದು ನನ್ನ ಅಭಿಪ್ರಾಯ.

2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ 'ನ್ಯೂ ಕೋಆಪರೇಟಿವ್' ಎಂಬ ರೈತರ ಧಾನ್ಯ ಸಹಕಾರ ಸಂಘದ ಗಣಕಗಳಿಗೆ ಕಳ್ಳರು ಕನ್ನ ಹಾಕಿ, 59 ಲಕ್ಷ ಡಾಲರ್ ಕೇಳಿದರು. ಸುಗ್ಗಿ ಆರಂಭವಾಗುವ ಹೊತ್ತಿನಲ್ಲೇ ಸಂಘವು ತನ್ನ ಗಣಕವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು. ಇದು ದೂರದ ಮಾತೆಂದು ಸುಮ್ಮನಿರಬೇಡಿ. ನಮ್ಮ ಪಹಣಿಯೂ 'ಭೂಮಿ' ಯೋಜನೆಯಿಂದಾಗಿ ಗಣಕದಲ್ಲಿದೆ. ಬ್ಯಾಂಕಿನ ಖಾತೆಯೂ ಗಣಕದಲ್ಲೇ ಇದೆ. ಅವನ್ನು ಕಾಯಬಲ್ಲವರು ಬೇಡವೇ?

ಆದರೆ ಪದವಿಯ ಹೆಸರು ನೋಡಿ ಮರುಳಾಗಬಾರದು. ಗೂಢಲಿಪಿ ಕಲಿಯಲು ಗಣಿತ ಬೇಕು. ಜಾಲ, ಆಪರೇಟಿಂಗ್ ಸಿಸ್ಟಂ, ಪ್ರೋಗ್ರಾಂ ರಚನೆಗಳ ತಳಪಾಯ ಗಟ್ಟಿಯಿರಬೇಕು. ಹದ ಮಾಡದ ನೆಲದಲ್ಲಿ ಒಳ್ಳೆಯ ಬೀಜವೂ ಮೊಳೆಯದು. ಪಠ್ಯಕ್ರಮ, ಪ್ರಯೋಗಾಲಯ, ಅಧ್ಯಾಪಕರ ವಿಷಯವನ್ನು ವಿಚಾರಿಸಿಯೇ ಕಾಲೇಜು ಸೇರಬೇಕು.

ಇದಕ್ಕಾಗಿ ಹೊಲ ಮಾರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎ.ಐ.ಸಿ.ಟಿ.ಇ. ಮಾನ್ಯತೆಯ ಕಾಲೇಜಿಗೆ ಸೇರಿದವರು, ನಿಯಮಗಳಿಗೆ ಒಳಪಟ್ಟು, ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಪಡೆಯಬಹುದು. ಗರಿಷ್ಠ ಅವಧಿ 24 ತಿಂಗಳು. ಒಂದು ವರ್ಷ ತಡವಾದರೂ ಚಿಂತೆಯಿಲ್ಲ, ಮಕ್ಕಳನ್ನು ಗೇಟ್ ಪರೀಕ್ಷೆಗೆ ಸಿದ್ಧಗೊಳಿಸಿರಿ. ಹೊಲವನ್ನೇ ಕಳೆದುಕೊಂಡ ಮೇಲೆ, ಪಹಣಿ ಕಾಯುವ ವಿದ್ಯೆ ಕಲಿತು ಬಂದು ಫಲವೇನು?